ಸಾಹೇಬರಿಗೆ ಸಾಹೇಬರ ಪತ್ರ

ಸ್ನೇಹಿತರೇ, ಚನ್ನಪಟ್ಟಣದಲ್ಲಿದ್ದ ನನ್ನ ಬೊಂಬೆ ಅಂಗಡಿಯನ್ನು ರಾಮನಗರಕ್ಕೆ ತಂದಿದ್ದೇನೆ. ಲೈಸೆನ್ಸ್‌ನಲ್ಲಿ ವಿಳಾಸ ಬದಲಾಗದೆ ಬಾಗಿಲು ತೆಗೆಯುವಂತಿಲ್ಲ. ಇವತ್ತು ಇಲ್ಲಿಯ ಲೈಸೆನ್ಸ್ ಕಚೇರಿಗೆ ಹೋದರೆ, ಕುರ್ಚಿಯಲ್ಲಿ ಕೂತಿದ್ದವರು ಚನ್ನಪಟ್ಟಣದ ಇನ್ಸ್‌ಪೆಕ್ಟರೇ! ಈಗ ಎರಡೂ ಊರಿಗೆ ಅವರೇ ಇನ್‌ಚಾರ್ಜ್ ಅಂತೆ.

"ಚನ್ನಪಟ್ಟಣದ ಇನ್ಸ್‌ಪೆಕ್ಟರು ಅಬ್ಜೆಕ್ಷನ್ ಇಲ್ಲ ಅಂತ ಪತ್ರ ಕೊಡ್ಬೇಕು" ಎಂದರು.

"ಅಲ್ಲೂ ನೀವೇ ಅಲ್ವಾ ಸಾರ್? ಇಲ್ಲೇ ಬರ್ಕೊಟ್ಬುಡಿ."

"ಆ ಸೀಲು ಅಲ್ಲೈತೆ. ಗುರುವಾರ ನಾನು ಅಲ್ಲಿರ್ತೀನಿ, ಬನ್ನಿ."

"ಪತ್ರ ತಂದ ತಕ್ಷಣ ಲೈಸೆನ್ಸ್ ಕೊಟ್ಬುಡ್ತೀರಾ?"

"ಅದೆಂಗೆ ಈಗ್ಲೇ ಹೇಳಕಾಯ್ತದೆ? ಪತ್ರ ಬರ್ಲಿ. ಸರಿಯಾಗಿ ಬರ್ದವ್ರಾ ಅಂತ ನೋಡ್ಬೇಕು."

ಗುರುವಾರ ಚನ್ನಪಟ್ಟಣಕ್ಕೆ ಹೋದಾಗ ಅವರಿಗೆ ಮೊದಲೇ ಹೇಳಿಬಿಡಬೇಕು: "ಒಸಿ ನೋಡ್ಕೊಂಡು ಬರೀರಿ ಸಾರ್, ರಾಮನಗರದ ಸಾಹೇಬ್ರು ಬಾಳ ಸ್ಟ್ರಿಕ್ಟು."