ಬೈಗೆ ಎಣ್ಣೆಯ ಅಂಬಾಸಿಡರ್

ಮೊನ್ನೆ ಮಗಳು ಮೊಬೈಲಿನಲ್ಲಿ ಆಸ್ಟ್ರೇಲಿಯಾದ ಯಾವುದೋ ಹಳೆಯ ಕಾರಿನ ಚರಿತ್ರೆ ಓದಿ ಹೇಳುತ್ತಿದ್ದಳು. ಅಲ್ಲಿಯ ಸಂಸಾರಗಳೆಲ್ಲ ಹತ್ತಿ ಇಳಿದ ಕಾರಂತೆ. ಕೆಲವು ವರ್ಷಕ್ಕೊಮ್ಮೆ ಹೊಸ ಮೂತಿ, ಹೊಸ ದೀಪ, ಹೊಸ ಹೆಸರು. ಚಿತ್ರ ನೋಡುತ್ತಾ ನನಗೆ ನಗು ಶುರುವಾಯಿತು. ಅಷ್ಟೂ ಮಾದರಿಗಳನ್ನು ಸಾಲಾಗಿ ನಿಲ್ಲಿಸಲು ಅವರಿಗೊಂದು ಮೈದಾನವೇ ಬೇಕು. ಬೈಂದೂರಿನ ನನ್ನ ಸೋದರಮಾವ ಆ ಕೆಲಸವನ್ನು ಒಂದೇ ಅಂಬಾಸಿಡರಿನಲ್ಲಿ ಮುಗಿಸಿದ್ದರು.

ಮಾವನದು ಮೀನುಗಾರಿಕೆ, ಸ್ವಂತ ದೋಣಿ. ತೊಂಬತ್ತರ ದಶಕದ ಕೊನೆಗೆ ಅವರು ತಂದ ಆ ಕಾರು ಹುಟ್ಟಿದ್ದು ಮಾರ್ಕ್ ಟೂ ಎಂಬ ಹಳೆಯ ಮಾದರಿಯಾಗಿ. ಬಾನೆಟ್ಟು ಮಾರ್ಕ್ ತ್ರೀಯದು, ಮುಂದಿನ ಜಾಲರಿ ಮಾರ್ಕ್ ಫೋರಿನದು, ಒಂದು ಬಾಗಿಲು ಇನ್ನೂ ಈಚಿನದು. ಬಣ್ಣ ಮಾತ್ರ ದೋಣಿಗೆ ಬಳಿದು ಉಳಿದ ನೀಲಿ. ಚರಿತ್ರೆ ಕಲಿಯಬೇಕೆನ್ನುವವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ದರೆ ಸಾಕಿತ್ತು.

ನನಗೆ ಆಗ ಹೆಣ್ಣು ನೋಡುತ್ತಿದ್ದರು. ಹಾಗೆಂದರೆ ಪೂರ್ತಿ ನಿಜವಾಗುವುದಿಲ್ಲ, ನಾನು ಮೊದಲೇ ನೋಡಿಯಾಗಿತ್ತು. ಕೋಟೇಶ್ವರದ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ, ಮನೆ ಬಾರ್ಕೂರು. ಅವಳನ್ನು ನೋಡುವ ನೆಪಕ್ಕೆ ನಾನು ಕೊಂಡ ಲುಂಗಿಗಳನ್ನು ಮಾವನ ದೋಣಿಯವರೆಲ್ಲ ಉಟ್ಟರೂ ಮಿಗುತ್ತಿದ್ದವು. ಅವಳು ಒಪ್ಪದಿದ್ದರೆ ನನ್ನ ಕಥೆ ಮುಗಿಯಿತು ಎಂದೇ ತಿಳಿದಿದ್ದೆ. ಊಟ ಸೇರುತ್ತಿರಲಿಲ್ಲ ಸ್ವಾಮಿ.

ಬಾರ್ಕೂರಿಗೆ ಹೊರಡುವ ಮುನ್ನಾದಿನ ಮಾವ ಕಾರಿನ ಕೆಳಗೆ ಮಲಗಿದ್ದರು. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ದೋಣಿಗೆ ಬೈಗೆ ಮೀನಿನ ಎಣ್ಣೆ ಹಚ್ಚುವುದುಂಟಲ್ಲ, ಅದನ್ನೇ ಕಾರಿನ ಹೊಟ್ಟೆಗೆ ಧಾರಾಳವಾಗಿ ಬಳಿಯುತ್ತಿದ್ದರು.

"ಅಣ್ಣ, ಎಂತ ಮಾಡ್ತಿದ್ದೆ ನೀನ್?" ಎಂದಳು ಅಮ್ಮ.

"ಹೆಣ್ ಕಾಂಬುಕೆ ಹೋಪ್ ಕಾರ್ ಅಲ್ದಾ? ಲಾಯ್ಕ್ ಇರ್ಕ್" ಎಂದರು ಮಾವ ಕೆಳಗಿನಿಂದಲೇ.

ಕುಂದಾಪುರದವರೆಗೆ ಸುಖಪ್ರಯಾಣ. ಸೈಲೆನ್ಸರ್ ಕಾದ ಹಾಗೆ ಎಣ್ಣೆಯೂ ಕಾಯಿತು. ಬ್ರಹ್ಮಾವರ ಬರುವಷ್ಟರಲ್ಲಿ ನಾವು ಹೊಸ ಅಂಗಿ, ರೇಷ್ಮೆ ಸೀರೆ, ಮಲ್ಲಿಗೆ ಹೂವಿನ ಸಮೇತ ಮೀನು ಹುರಿಯುವ ಬಾಣಲೆಯೊಳಗೆ ಕುಳಿತಂತಿತ್ತು. ಬಾರ್ಕೂರಿನ ಓಣಿಗೆ ತಿರುಗಿದ್ದೇ ತಡ, ಮನೆಮನೆಯಿಂದ ಬೆಕ್ಕುಗಳು ಹೊರಟವು. ಕಪ್ಪು, ಬಿಳಿ, ಕಂದು, ಬಾಲವಿಲ್ಲದ್ದು. ನಮ್ಮ ಕಡೆಯ ದಿಬ್ಬಣ ಅಷ್ಟು ದೊಡ್ಡದಾದೀತೆಂದು ನಾನು ಎಣಿಸಿರಲಿಲ್ಲ. ಕಾರು ನಿಂತ ಕೂಡಲೇ ಎಲ್ಲವೂ ಅದರ ಅಡಿಗೆ ನುಗ್ಗಿ ನೆಕ್ಕಲು ಶುರುಮಾಡಿದವು.

ಹುಡುಗಿಯ ತಂದೆ ಅಂಗಳಕ್ಕೆ ಬಂದವರು ಮೂಗಿನ ಹತ್ತಿರ ಕೈ ಒಯ್ದು, ಮರ್ಯಾದೆಗೆ ಕೈ ಕೆಳಗಿಳಿಸಿದರು. ಪಾರಾಗುವ ದಾರಿಯನ್ನೂ ಅವರೇ ತೋರಿಸಿದರು. "ಕಾರ್ ಬಾಡ್ಗಿದಾ?"

ಹೌದು ಎಂದುಬಿಟ್ಟರೆ ಮಾನ ಉಳಿಯುತ್ತಿತ್ತು. ಅಮ್ಮ ನನ್ನ ಅಂಗಿ ಜಗ್ಗಿದಳು, ಹೌದೆನ್ನು ಎಂದು. ಮಾವ ಒಂದು ಬೆಕ್ಕನ್ನು ಓಡಿಸುವ ನೆಪದಲ್ಲಿ ಬಗ್ಗಿ, ಅಲ್ಲಿಂದಲೇ ನನ್ನ ಮುಖ ನೋಡಿದರು. ಅಪ್ಪ ಇಲ್ಲದ ನನ್ನನ್ನು ಓದಿಸಿದ ಮನುಷ್ಯ. ಅಮ್ಮನ ಕೈಯಿಂದ ಅಂಗಿ ಬಿಡಿಸಿಕೊಂಡೆ.

"ಅಲ್ಲ, ನಮ್ದೇ. ಎಣ್ಣಿ ಹಚ್ಚಿದ್ದೂ ನಾವೇ" ಎಂದೆ.

ಒಳಗೆ ಕಿಟಕಿಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ತಡೆಯಲಾರದೆ ಜೋರಾಗಿಯೇ ನಕ್ಕರು. ಕಾಫಿ ತಟ್ಟೆ ಹಿಡಿದು ಹೊರಬಂದಾಗಲೂ ಅವಳ ನಗು ನಿಂತಿರಲಿಲ್ಲ. ಅರ್ಧ ಕಾಫಿ ತಟ್ಟೆಯಲ್ಲೇ ಚೆಲ್ಲಿತ್ತು. ವಾರದೊಳಗೆ ಒಪ್ಪಿಗೆ ಬಂತು. ಲುಂಗಿಗಳ ಪ್ರಭಾವವೇ ಇರಬೇಕು ಎಂದು ಇಷ್ಟು ವರ್ಷ ಹೆಮ್ಮೆಯಿಂದ ನಂಬಿಕೊಂಡಿದ್ದೆ.

ಮೊನ್ನೆ ಮಗಳಿಗೆ ಇದನ್ನೆಲ್ಲ ಕೈಕಾಲು ಕುಣಿಸಿ ಹೇಳುತ್ತಿದ್ದಾಗ, ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು.

"ಆವತ್ ನಾನ್ ಬ್ಯಾಡ ಅಂಬ್ದೇ ಅಂದ್ಕಂಡ್ ಕೂಕಂಡಿದ್ದೆ" ಎಂದಳು. "ಲುಂಗಿ ತಕಂಬ್ ಗಿರಾಕಿ ಅಂದೇಳಿ ಗೊತ್ತಿತ್. ಬಾಡ್ಗಿ ಕಾರ್ ಅಂದೇಳಿ ಸುಳ್ಳ್ ಹೇಳಿದ್ರೆ ನೀವ್ ಕಾಫಿ ಕುಡ್ದ್ ಹೋಪ್ದೇ, ಮತ್ತೆಂತದೂ ಇಲ್ಲೆ."

ಮತ್ತೆ ತುರಿಯುವ ಸದ್ದು ಶುರುವಾಯಿತು. ಮಗಳು ನನ್ನನ್ನು ನೋಡಿದಳು, ನಾನು ಮಗಳನ್ನು ನೋಡಿದೆ. ಇವಳೂ ಹುಟ್ಟುತ್ತಿರಲಿಲ್ಲವಲ್ಲ ಎಂದು ಒಮ್ಮೆ ಮೈ ಬೆವರಿತು.