ಮೊದಲು ಓಡಿದವಳು

ಹಲಸೂರಿನ ಹಂಸ ಕಟ್ಟಡಗಳ ಭಾರ-ಬಲದ ಲೆಕ್ಕ ಹಾಕಿಕೊಡುವ ಇಂಜಿನಿಯರು. ಹುಟ್ಟಿ ಬೆಳೆದ ಬೀದಿಯಲ್ಲೇ ಆಫೀಸು. "ಪಿಳ್ಳಪ್ಪನ ಮಗಳು ಹೂಂ ಅಂದ್ರೆ ಕಣ್ಣು ಮುಚ್ಕೊಂಡು ಮನೆ ಕಟ್ಬೋದು" ಎಂದು ಜನ ಆಡಿಕೊಳ್ಳುವುದು ಕಿವಿಗೆ ಬಿದ್ದಾಗ ಒಳಗೊಳಗೇ ಹಿಗ್ಗುತ್ತಿದ್ದಳು.

ಹಿಂದಿನ ಬೀದಿಯ ಆಟದ ಮೈದಾನದಲ್ಲಿ ಜನ ಕೂರಲು ಮೆಟ್ಟಿಲು ಕಟ್ಟಿಸಿದಾಗ ಅದರ ಚಾವಣಿಯ ಕೆಲಸವೂ ಅವಳಿಗೇ ಬಂತು. ಮೈದಾನ ನೋಡಿಕೊಳ್ಳುವ ಸಂಘದ ಅಧ್ಯಕ್ಷ ಮುನಿರಾಜಪ್ಪನದು ಒಂದೇ ಹಟ.

"ಮುಂದ್ಗಡೆ ಕಂಬ ಬೇಡಮ್ಮ, ಆಟ ನೋಡೋರಿಗೆ ಅಡ್ಡ ಆಗುತ್ತೆ. ಹಿಂದೆ ಮಾತ್ರ ಇರ್ಲಿ. ನೋಡೋಕೆ ತೆಳ್ಳಗಿರ್ಬೇಕು."

ಹಾಗೇ ಆಯಿತು. ಹಿಂದಿನ ಕಂಬಗಳಿಂದ ಉಕ್ಕಿನ ತೊಲೆಗಳು ಮುಂದಕ್ಕೆ ಚಾಚಿ ಯಾವ ಆಸರೆಯೂ ಇಲ್ಲದೆ ನಿಂತವು. ಎಂಥ ಗಾಳಿಗೂ ಮುರಿಯಬಾರದೆಂದು ಹಂಸ ಚೆನ್ನಾಗಿಯೇ ಲೆಕ್ಕ ಹಾಕಿದ್ದಳು. ತಗಡಿನ ಭಾರಕ್ಕೆ ತುದಿ ಬಾಗುತ್ತದೆಂದು ತೊಲೆಗಳನ್ನು ಮೊದಲೇ ತುಸು ಮೇಲೆತ್ತಿ ಕೂರಿಸಿದ್ದಳು. ಆದರೆ ಬಾಗುವುದು ಬೇರೆ, ಕುಣಿಯುವುದು ಬೇರೆ. ಅಷ್ಟು ಉದ್ದದ, ಅಷ್ಟು ಹಗುರದ ಚಾವಣಿ ರಭಸದ ಗಾಳಿಗೆ ಹೇಗೆ ತೊನೆಯುತ್ತದೆಂದು ಅವಳು ನೋಡಲೇ ಇಲ್ಲ. ಸಣ್ಣ ಕೆಲಸ, ಏನಾಗುತ್ತದೆ ಅಂದುಕೊಂಡಳು.

ಮೇ ತಿಂಗಳ ಒಂದು ಸಂಜೆ ಹುಡುಗಿಯರ ತ್ರೋಬಾಲ್ ಪಂದ್ಯ. ಪಕ್ಕದ ಗಲ್ಲಿಯ ತೂಬಾ ಆಡುತ್ತಿದ್ದಳು. ಅವಳ ಅಜ್ಜಿ ಇಮಾಮ್ ಬೀ ಹಂಸಳ ಮಗ್ಗುಲಲ್ಲಿ ಕೂತು ಮೊಮ್ಮಗಳ ಹೆಸರು ಕೂಗುತ್ತಿದ್ದಳು. ಇದ್ದಕ್ಕಿದ್ದಂತೆ ಮಳೆಗಾಳಿ ಎದ್ದಿತು. ಚಾವಣಿಯ ತುದಿ ಮೇಲೇರಿ ಇಳಿಯಿತು. ಮತ್ತೆ ಇನ್ನೂ ಎತ್ತರಕ್ಕೆ ಏರಿತು. ತಗಡುಗಳು ದಡದಡ ಬಡಿದುಕೊಂಡವು. ಜನ ತಲೆಯೆತ್ತಿ ಚಾವಣಿ ನೋಡಿದರು, ಆಮೇಲೆ ಹಂಸಳನ್ನು ನೋಡಿದರು.

ಹಂಸ ಎದ್ದು ಓಡಿದಳು.

ಅದು ಬೀಳುವುದಿಲ್ಲವೆಂದು ಅಲ್ಲಿ ಬಲ್ಲವಳು ಅವಳೊಬ್ಬಳೇ. ಆದರೂ ಕಾಲು ಮಾತು ಕೇಳಲಿಲ್ಲ. ಕಟ್ಟಿಸಿದವಳೇ ಓಡಿದ್ದನ್ನು ಕಂಡು ಎಲ್ಲರೂ ಒಟ್ಟಿಗೆ ನುಗ್ಗಿದರು. ಗದ್ದಲದಲ್ಲಿ ಇಮಾಮ್ ಬೀ ಮೆಟ್ಟಿಲಿನಿಂದ ಉರುಳಿ ಮಣಿಕಟ್ಟು ಮುರಿದುಕೊಂಡಳು. ಗಾಳಿ ನಿಂತಾಗ ಚಾವಣಿ ಇದ್ದಲ್ಲೇ ಇತ್ತು; ಒಂದು ಬೋಲ್ಟೂ ಸಡಿಲವಾಗಿರಲಿಲ್ಲ.

ಮಾರನೇ ದಿನ ಮುನಿರಾಜಪ್ಪ ಬಂದು ಅವಳಿಗೆ ಕೈಮುಗಿದ. "ನೀನು ಎಚ್ಚರಿಸಿದ್ದಕ್ಕೆ ಬದುಕ್ಕೊಂಡ್ವಿ ತಾಯಿ."

ಹಂಸ ಬಾಯಿಬಿಡಲಿಲ್ಲ. ಅವನು ಹೋದ ಮೇಲೆ, ಓಡಿದ್ದಕ್ಕಿಂತ ಆ ಮೌನವೇ ಅವಳನ್ನು ಹೆಚ್ಚು ಸುಟ್ಟಿತು.

ಮೈದಾನದ ಮೆಟ್ಟಿಲಿಗೆ ಯಾರೂ ಹತ್ತದಂತೆ ಅಡ್ಡ ಕಟ್ಟಿಸಿ ಚಾವಣಿಯ ಕುಣಿತ ನಿಲ್ಲಿಸುವ ಕೆಲಸ ಹಿಡಿದಳು. ಕಂಬದ ಬಳಿ ತೊಲೆಗಳನ್ನು ದಪ್ಪ ಮಾಡಿಸಿದಳು. ಅವುಗಳ ಹಿಂದಿನ ತುದಿಯನ್ನು ಪೈಪುಗಳಿಂದ ನೆಲದ ಕಾಂಕ್ರೀಟಿಗೆ ಬಿಗಿಸಿದಳು, ಮುಂದಿನ ತುದಿಗಳನ್ನು ಒಂದಕ್ಕೊಂದು ಬೆಸುಗೆ ಹಾಕಿಸಿ ಜೋಡಿಸಿದಳು. ಅಷ್ಟಾದರೂ ಇಮಾಮ್ ಬೀಯ ಗಲ್ಲಿಯತ್ತ ಹೋಗುವ ಧೈರ್ಯ ಬರಲಿಲ್ಲ. ಕೊನೆಗೊಂದು ಮಧ್ಯಾಹ್ನ ಹೋಗಿ ಬಾಗಿಲಲ್ಲೇ ನಿಂತು ಹೇಳಿದಳು:

"ಅವತ್ತು ಅದು ಬೀಳ್ತಿರ್ಲಿಲ್ಲ ಅಮ್ಮ. ಗೊತ್ತಿದ್ದೂ ಹೆದ್ರಿ ಓಡ್ಬಿಟ್ಟೆ. ನಾನು ಕೂತಿದ್ದಿದ್ರೆ ನಿಮ್ಮನ್ನ ಯಾರೂ ತಳ್ತಿರ್ಲಿಲ್ಲ."

ಇಮಾಮ್ ಬೀ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳನ್ನೇ ನೋಡಿದಳು.

"ಬೇರೆ ಯಾರೂ ಅಲ್ಲ ಬೇಟಿ, ತಳ್ಳಿದ್ದು ನೀನೇ. ನಿಂಗೆ ಗೊತ್ತಾಗ್ಲಿಲ್ಲ."

ಹಂಸಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಯಾಕೆ ಯಾರಿಗೂ ಹೇಳ್ಲಿಲ್ಲ?"

"ನೀನು ಹುಟ್ಟಿದಾಗ್ಲಿಂದ ನೋಡಿದೀನಿ. ನಾನು ಹೇಳಿ ನಿನ್ನ ಹೆಸ್ರು ಕೆಡಿಸ್ಲಾ? ಬಾ, ಒಳಗೆ ಕೂತ್ಕೊ."

ಮೆಟ್ಟಿಲನ್ನು ಮತ್ತೆ ಜನರಿಗೆ ತೆರೆದ ದಿನ ಮುನಿರಾಜಪ್ಪ ಸನ್ಮಾನಕ್ಕೆ ಶಾಲು ತಂದಿದ್ದ. ಹಂಸ ಅದನ್ನು ಹೊದೆಯಲಿಲ್ಲ. ಮೈಕಿನ ಮುಂದೆ ನಿಂತು, ತಾನು ಲೆಕ್ಕದಲ್ಲಿ ಬಿಟ್ಟದ್ದು, ಓಡಿದ್ದು, ಮುದುಕಿಯನ್ನು ತಳ್ಳಿದ್ದು ಎಲ್ಲವನ್ನೂ ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಇದನ್ನೆಲ್ಲ ಎಲ್ರ ಮುಂದೆ ಯಾಕಮ್ಮ ಹೇಳಕ್ಕೋದೆ?" ಎಂದು ಮುನಿರಾಜಪ್ಪ ಶಾಲು ಮಡಚುತ್ತಾ ಗೊಣಗಿದ.

ಮುಂದೆ ಎರಡು ಮನೆಗಳ ಕೆಲಸ ಕೈತಪ್ಪಿತು. ಇಮಾಮ್ ಬೀಯ ಮಣಿಕಟ್ಟು ಕೂಡಿಕೊಂಡರೂ ಸ್ವಲ್ಪ ಸೊಟ್ಟಗೇ ಉಳಿಯಿತು. ತೂಬಾಳ ಪಂದ್ಯವಿದ್ದ ದಿನ ಹಂಸ ಈಗಲೂ ಹೋಗುತ್ತಾಳೆ. ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಾಳೆ. ಆಗೆಲ್ಲ ಹಂಸಳಿಗೆ ಅಜ್ಜಿಯ ಮುಖ ನೋಡಿ ಮಾತಾಡಲು ಆಗುವುದಿಲ್ಲ.