ವಾರದ ಊಟ, ವಾಮನನ ಕಾಲೇಜು

ಕಳೆದ ವಾರ ಗುರುವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತ ಹುಡುಗ ಎರಡನೇ ಸಲ ಅನ್ನ ಬೇಡ ಅಂದ.

ಇದೇನು ಪತ್ರಿಕೆಯಲ್ಲಿ ಬರೆಯುವಂಥ ಸುದ್ದಿಯೇ ಎಂದು ನೀವು ಕೇಳಬಹುದು. ಸ್ವಲ್ಪ ತಡೆಯಿರಿ. ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗ. ಬೆಳಗಿನಿಂದ ಏನೂ ತಿಂದಿಲ್ಲ. ಪುಣೆಯ ಲಕಡಿ ಪೂಲ್ ಸೇತುವೆ ದಾಟಿ ಬಿಸಿಲಲ್ಲಿ ನಡೆದುಕೊಂಡೇ ಬಂದಿದ್ದಾನೆ. ಅಂಥವನು ಅರ್ಧ ಊಟಕ್ಕೇ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಏನೋ ಕೆಟ್ಟಿದೆ ಎಂದೇ ಅರ್ಥ. ನಮ್ಮ ಮನೆಯವರು ಸಾರಿನ ಸೌಟು ಹಿಡಿದುಕೊಂಡು ನಿಂತೇ ಬಿಟ್ಟರು.

“ಯಾಕೋ ವಾಮನಾ, ಮೈಯಾಗ ಆರಾಮಿಲ್ಲೇನು?”

“ಆರಾಮ ಅದೀನ್ರಿ ಕಾಕೂ.”

“ಮತ್ತ? ಸಾರು ಖಾರ ಆಗೇದೇನು?”

“ಇಲ್ರಿ. ಭಾಳ ಛಲೋ ಆಗೇದ್ರಿ.” ಅಷ್ಟು ಹೇಳಿ ಉಳಿದ ಅನ್ನವನ್ನು ಎಲೆಯ ಬದಿಗೆ ಸರಿಸಿದ. ಆಮೇಲೆ ನನ್ನ ಕಡೆ ತಿರುಗಿ, “ಕಾಕಾ, ಅಗ್ರಿಕಲ್ಚರ್ ಕಾಲೇಜಿನ ಸೀಟು ಹೋತ್ರಿ” ಅಂದ.

ಯಾವ ಸೀಟು? ಬಂದಿದ್ದು ಯಾವಾಗ, ಹೋದದ್ದು ಯಾವಾಗ? ನನಗೆ ತಲೆಬುಡ ತಿಳಿಯಲಿಲ್ಲ.

ನಿಮಗೂ ತಿಳಿದಿರಲಿಕ್ಕಿಲ್ಲ. ಮೊದಲಿನಿಂದ ಹೇಳುತ್ತೇನೆ.

ಪುಣೆಯ ಪೇಠೆಗಳಲ್ಲಿ, ಅಂದರೆ ಊರೊಳಗಿನ ಹಳೆಯ ಓಣಿಗಳಲ್ಲಿ, ಬಡ ವಿದ್ಯಾರ್ಥಿಗಳಿಗೆ ‘ವಾರ’ ಹಚ್ಚಿಕೊಡುವ ಪದ್ಧತಿ ಉಂಟು. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ, ಹೀಗೆ ವಾರಕ್ಕೆ ಏಳು ಮನೆ. ವಾಮನ ನವಲಗುಂದದ ಕಡೆಯವನು. ತಂದೆ ಹಳ್ಳಿಯ ಸಾಲೆಯ ಮಾಸ್ತರರು. ಹೋದ ಜೂನ್‌ನಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ಪುಣೆಗೆ ಬಂದಿಳಿದ. ಕನ್ನಡದವರ ಹುಡುಗ, ನಾವು ಕೈಬಿಡಲಾದೀತೇ? ರಾವಸಾಹೇಬರ ಪಡಸಾಲೆಯಲ್ಲಿ ನಾವೆಲ್ಲ ಸಭೆ ಸೇರಿದೆವು.

(ರಾವಸಾಹೇಬರೆಂದರೆ ನಮ್ಮ ಕನ್ನಡ ಮಂದಿಯಲ್ಲಿ ಹಿರಿಯರು, ಪೆನ್ಶನ್ ಆದವರು. ಸರಕಾರ ಅವರಿಗೆ ಆ ಬಿರುದು ಕೊಟ್ಟಿಲ್ಲ, ನಾವು ಕೊಟ್ಟಿದ್ದೇವೆ.)

ಹುಡುಗ ಮ್ಯಾಟ್ರಿಕ್ ಪಾಸಾಗಿದ್ದ. ಪಾಸಾಗಿದ್ದ, ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ. ಫಸ್ಟ್ ಕ್ಲಾಸ್ ಹುಡುಗನಾದರೆ ಸ್ಕಾಲರ್‌ಶಿಪ್ ತಾನೇ ಹುಡುಕಿಕೊಂಡು ಬರುತ್ತದೆ. ಫೇಲಾದವನು ಶ್ರೀಮಂತರ ಮಗನಾದರೆ ವಿಲಾಯತಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬರುತ್ತಾನೆ. ಜಾಣನೂ ಅಲ್ಲದ, ದಡ್ಡನೂ ಅಲ್ಲದ, ಕಿಸೆಯಲ್ಲಿ ಏನೂ ಇಲ್ಲದ ಹುಡುಗ ಎಲ್ಲಿಗೆ ಹೋಗಬೇಕು? ಹೇಳಿ ನೋಡೋಣ. ನಮ್ಮ ದೇಶದ ತುಂಬ ಇರುವವರು ಅವರೇ ಅಲ್ಲವೇ?

ಆದರೆ ವಾಮನನಿಗೆ ತಾನು ಎಲ್ಲಿಗೆ ಹೋಗಬೇಕೆಂಬುದು ಗೊತ್ತಿತ್ತು. “ನಾ ಅಗ್ರಿಕಲ್ಚರ್ ಕಾಲೇಜಿಗೆ ಹೋಗಬೇಕಂತ ಬಂದೀನ್ರಿ” ಎಂದು ಸಭೆಯ ನಡುವೆ ನಿಂತು ಹೇಳಿದ.

ನಾವು ನಕ್ಕೆವು. ದುಷ್ಟತನದಿಂದ ನಕ್ಕಿದ್ದಲ್ಲ, ದೊಡ್ಡವರು ನಗುವ ಹಾಗೆ ನಕ್ಕೆವು. “ಹೊಲಾ ಹರಗಲಿಕ್ಕೆ ಪುಣೇಕ್ಕ್ಯಾಕ ಬಂದ್ಯೋ ತಮ್ಮಾ? ನವಲಗುಂದದಾಗ ಹೊಲ ಇದ್ದಿಲ್ಲೇನು?” ಎಂದು ರಾವಸಾಹೇಬರು ತೂಗುಮಂಚದ ಮೇಲೆ ಕೂತು ಕೇಳಿದರು. ಹುಡುಗನೂ ನಕ್ಕ, ಪಾಪ.

ಆಮೇಲೆ ವಿಚಾರ ಶುರುವಾಯಿತು. ಅಗ್ರಿಕಲ್ಚರ್ ಕಾಲೇಜು ಊರ ಹೊರಗೆ. ನಮ್ಮ ಏಳೂ ಮನೆ ಪೇಠೆಗಳಲ್ಲಿ. ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಹೊಲದಲ್ಲಿ ಪ್ರಾಕ್ಟಿಕಲ್ ಇರುತ್ತದಂತೆ. ಊಟಕ್ಕೆ ಬರುವುದು ಹೇಗೆ? ಆರ್ಟ್ಸ್ ಕಾಲೇಜಾದರೆ ನಡೆದು ಬರುವಷ್ಟು ಹತ್ತಿರ. ರಾವಸಾಹೇಬರು ಒಂದು ಮಾತು ಹೇಳಿದರೆ ಅರ್ಧ ಫೀ ಮಾಫಿ. ಮುಗಿಯಿತಲ್ಲ! ಚಹಾ ಕುಡಿಯುವುದರೊಳಗೆ ಹುಡುಗನ ಜನ್ಮದ ಇತ್ಯರ್ಥ ಮಾಡಿ ಎದ್ದೆವು. ಮನೆಗೆ ಹೋಗುವಾಗ ನನಗೆ ಎಷ್ಟು ಸಮಾಧಾನವಾಗಿತ್ತು ಅಂತೀರಿ! ಗುರುವಾರ ನಮ್ಮದು ಎಂದು ಹೇಳಿ ಬಂದಿದ್ದೆನಲ್ಲ.

ಅಂದಿನಿಂದ ವಾಮನ ಆರ್ಟ್ಸ್ ಕಾಲೇಜಿಗೆ ಹೋಗುತ್ತಾನೆ, ಗುರುವಾರಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಾನೆ. ಬೇಗ ಬಂದರೆ ಒಳಗೆ ಬರುವುದಿಲ್ಲ. ನೇರ ಹಿತ್ತಲಿಗೆ ಹೋಗಿ ನಮ್ಮ ಮನೆಯವರ ಬದನೆ ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಾನೆ. ಎಲೆ ಎತ್ತಿ ನೋಡುತ್ತಾನೆ, ಮಣ್ಣು ಸಡಿಲಿಸುತ್ತಾನೆ. “ಅಂವಾ ಪುಸ್ತಕದ ಮುಂದ ಇಷ್ಟೊತ್ತು ಕೂತಿದ್ರ ಫಸ್ಟ್ ಕ್ಲಾಸ್ ಬರ್ತಿದ್ದ ನೋಡ್ರಿ” ಎಂದು ಇವಳು ಹೇಳುತ್ತಿದ್ದಳು. ನಾನೂ ಹೂಂ ಅನ್ನುತ್ತಿದ್ದೆ. ಕಾಲೇಜಿನ ಲಾಜಿಕ್ ಪಾಠ ಹೇಗೆ ನಡೆದಿದೆ ಎಂದು ಕೇಳಿದರೆ ಮಾತ್ರ ಹುಡುಗನ ಮುಖ ಸಣ್ಣದಾಗುತ್ತಿತ್ತು.

ಈಗ ಸೀಟಿನ ಕಥೆಗೆ ಬರೋಣ. ಅವನನ್ನು ಕೈ ತೊಳೆಸಿ, ಪಡಸಾಲೆಯಲ್ಲಿ ಕೂಡಿಸಿ ಕೇಳಿದ ಮೇಲೆ ಒಂದೊಂದಾಗಿ ಹೊರಬಿತ್ತು.

ಅಗ್ರಿಕಲ್ಚರ್ ಕಾಲೇಜಿನಲ್ಲಿ ಒಬ್ಬ ಹುಡುಗ ನಡುವೆಯೇ ಬಿಟ್ಟು ಹೋದನಂತೆ. ಎರಡನೇ ಟರ್ಮು ಆಗಷ್ಟೇ ಶುರುವಾಗಿದ್ದರಿಂದ ಇನ್ನೊಬ್ಬನನ್ನು ತೆಗೆದುಕೊಳ್ಳಲು ತಯಾರಿದ್ದರು. ಮುಂಜಾನೆ ಅಲ್ಲಿಯ ಡೇರಿಯಲ್ಲಿ ಕೆಲಸ ಮಾಡಿದರೆ ಹಾಸ್ಟೆಲಿನ ಊಟ, ಫೀ ಕೂಡ ಮಾಫಿ. ಮಾರ್ಕ್ಸಿನ ಬಗ್ಗೆ ಹೆಚ್ಚು ತಕರಾರಿಲ್ಲ. ವಾಮನ ಹೋಗಿ ಕಂಡು ಬಂದ. ಅಲ್ಲಿಯ ಸಾಹೇಬರು ಅವನನ್ನು ಗೋಧಿಯ ಹೊಲದಲ್ಲಿ ಸುತ್ತಾಡಿಸಿ, ನಾಲ್ಕು ಮಾತು ಕೇಳಿ, “ಇನ್ನೊಂದು ವಾರದೊಳಗೆ ಹಾಸಿಗೆ ಸಮೇತ ಬಾ” ಎಂದರಂತೆ.

ಇಷ್ಟಾದ ಮೇಲೆ ಹಾಸಿಗೆ ಹೊತ್ತುಕೊಂಡು ಹೋಗುವುದು ತಾನೇ? ನೀವಾದರೆ ಹೋಗುತ್ತಿದ್ದಿರಿ. ಅವನು ರಾವಸಾಹೇಬರ ಹತ್ತಿರ ಹೋದ. ಸೋಮವಾರದ ಮನೆ ಅವರದೇ. ಅವರು ಬೇಡ ಅನ್ನಲಿಲ್ಲ. “ಹೋಗು, ಯಾರು ಬ್ಯಾಡಂತಾರ? ಆದ್ರ ಏಳೂ ಮನೀಯವರಿಗೆ ಹೇಳಿ ಹೋಗಪಾ. ಅವರ ಅನ್ನಾ ಉಂಡೀದಿ” ಎಂದರು. ವಾರದ ಊಟದಲ್ಲಿ ಇದೂ ಒಂದು ರೀತಿ. ವಾರ ಬಿಡುವವನು ಆಯಾ ಮನೆಗೆ ಆಯಾ ದಿನವೇ ಹೋಗಿ, ಉಂಡು, ಎದ್ದು, ನಮಸ್ಕಾರ ಮಾಡಿ ಹೇಳಿ ಬರಬೇಕು. ನಡುವೆ ಯಾವಾಗಲೋ ಬಾಗಿಲಲ್ಲಿ ನಿಂತು ‘ನಾಳೆಯಿಂದ ಬರುವುದಿಲ್ಲ’ ಎಂದು ಹೇಳಿದರೆ ಅನ್ನಕ್ಕೆ ಅವಮಾನ.

ಮಂಗಳವಾರ ಒಬ್ಬ ಅಜ್ಜಿಯ ಮನೆ. ಒಂಟಿ ಜೀವ. ಮಂಗಳವಾರಕ್ಕಾಗಿಯೇ ವಾರವೆಲ್ಲ ಕಾಯುವಾಕೆ. ಇವನು ಬಾಯಿ ಬಿಟ್ಟನೋ ಇಲ್ಲವೋ, ಅಜ್ಜಿ ಕಣ್ಣೀರು ತೆಗೆದಳು. “ನನ್ನ ಕೈ ಅಡಿಗಿ ಸೇರ್ಲಿಲ್ಲೇನೋ ಮಗಾ? ದನದ ಸಗಣಿ ಬಳೀಲಿಕ್ಕೆ ಹೋಗ್ತೀಯಾ? ನಿನ್ನ ಅವ್ವ ನನಗೇನಂದಾಳು?” ಎಂದು ಇನ್ನಷ್ಟು ತುಪ್ಪ ಸುರಿದಳು. ಇವನು ಆ ತುಪ್ಪ ಉಂಡು, ಮಾತು ನುಂಗಿ ಎದ್ದು ಬಂದ. ಬುಧವಾರದ ಮನೆಯಲ್ಲಿ ಅಂದು ಯಜಮಾನರ ಮಗಳನ್ನು ನೋಡಲು ಸಾಸವಡದಿಂದ ಗಂಡಿನ ಕಡೆಯವರು ಬಂದಿದ್ದರು. ಇವನ ಮಾತು ಯಾರಿಗೆ ಬೇಕಿತ್ತು?

ಗುರುವಾರ ನಮ್ಮ ಮನೆ.

ಅವನು ಅನ್ನ ಬೇಡ ಅಂದದ್ದಕ್ಕೆ ಹಿಂದಿನ ಗುರುವಾರ ಅದು, ನನಗೆ ಚೆನ್ನಾಗಿ ನೆನಪಿದೆ. ಹೋಳಿಗೆ ಮಾಡಿಸಿದ್ದೆ. ನಾನು ಭಾರೀ ಹುರುಪಿನಲ್ಲಿದ್ದೆ. ಊಟದುದ್ದಕ್ಕೂ ಮಾತಾಡಿದವನು ನಾನು. ನನ್ನ ಕಾಲೇಜಿನ ದಿನಗಳು, ನಮ್ಮ ಪ್ರಿನ್ಸಿಪಾಲರ ಸಿಟ್ಟು, ಬಿ.ಎ. ಆದವನಿಗೆ ಕಚೇರಿಯಲ್ಲಿರುವ ಮರ್ಯಾದೆ. “ನೀನೂ ಬಿ.ಎ. ಆಗು, ನಿನ್ನನ್ನ ನಮ್ಮ ಆಫೀಸಿನಾಗ ಹಚ್ಚೋ ಜವಾಬ್ದಾರಿ ನಂದು” ಎಂದು ಬೆನ್ನು ಚಪ್ಪರಿಸಿ ಕಳಿಸಿದೆ. ಹುಡುಗ ಬಾಗಿಲ ಹತ್ತಿರ ಒಂದು ಗಳಿಗೆ ನಿಂತ. ಚಪ್ಪಲಿ ಹುಡುಕುತ್ತಿದ್ದಾನೆ ಅಂದುಕೊಂಡೆ.

ಉಳಿದ ಮನೆಗಳಲ್ಲಿ ಅವನು ಬಾಯಿಯೇ ತೆರೆಯಲಿಲ್ಲವಂತೆ. ಸಾಹೇಬರು ಕೊಟ್ಟ ಒಂದು ವಾರದ ಗಡುವು ಮುಗಿಯಿತು.

“ಅಲ್ಲೋ, ನನ್ನ ಮುಂದರ ಹೇಳಬಾರದಾಗಿತ್ತೇನು?” ಎಂದು ನಾನು ಸಿಟ್ಟಿಗೆದ್ದೆ. ಸಿಟ್ಟು ಯಾರ ಮೇಲೋ ದೇವರಿಗೇ ಗೊತ್ತು.

“ಹ್ಯಾಂಗ ಹೇಳ್ಲಿರಿ ಕಾಕಾ? ಹೋಳಿಗಿ ಬಡಸಿದ್ರಿ.”

ಮರುದಿನ ಕಚೇರಿಗೆ ರಜೆ ಹಾಕಿ, ಅವನನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಅಗ್ರಿಕಲ್ಚರ್ ಕಾಲೇಜಿಗೆ ಹೋದೆ. ಆಫೀಸಿನ ಪಟ್ಟೇವಾಲಾ ಜವಾನ ಬಾಗಿಲಲ್ಲೇ ‘ಜಾಗಾ ಭರಲೀ’, ಜಾಗ ತುಂಬಿಹೋಯಿತು, ಎಂದ. ಶಿರೂರಿನ ಕಡೆಯ ಹುಡುಗನೊಬ್ಬ ಬಂದು ಸೇರಿದ್ದ. ಆದರೂ ನಾನು ಬಿಡದೆ ಒಳಗೆ ನುಗ್ಗಿದೆ. ಅಲ್ಲಿಯ ಸಾಹೇಬರು ಒಳ್ಳೆಯ ಮನುಷ್ಯ. ವಾಮನನ ಗುರುತು ಹಿಡಿದರು. “ನಿನಗಾಗಿ ಎರಡು ದಿನ ಹೆಚ್ಚು ಕಾದೆ. ಮನಸ್ಸು ಬದಲಾಯಿತು ಅಂದುಕೊಂಡೆ” ಎಂದರು. ವಾಮನ ಅವರಿಗೂ ನಮಸ್ಕಾರ ಮಾಡಿ ಹೊರಗೆ ಬಂದ.

ವಾಪಸು ಬರುವಾಗ ರಸ್ತೆಯ ಎರಡೂ ಬದಿಗೆ ಕಾಲೇಜಿನ ಹೊಲ. ಅವನು ಕುತ್ತಿಗೆ ತಿರುಗಿಸಿ ನೋಡುತ್ತಲೇ ಇದ್ದ.

“ಮುಂದಿನ ವರ್ಷ ನೋಡೋಣಂತ ಬಿಡೋ” ಅಂದೆ.

“ಮುಂದಿನ ವರ್ಷ ತಮ್ಮನ ಮ್ಯಾಟ್ರಿಕ್ ಆಗ್ತದ್ರಿ. ಇಬ್ಬರನ್ನೂ ಓದಸೋದು ಅಪ್ಪಾಗ ಆಗಂಗಿಲ್ಲ. ನಾ ಎಲ್ಲ್ಯರ ಕಾರಕೂನಕಿ ಹಿಡೀತೀನ್ರಿ.” ಹೊಲದ ಕಡೆಯೇ ನೋಡುತ್ತ, “ತಮ್ಮಾ ಶ್ಯಾಣ್ಯಾ ಇದ್ದಾನ್ರಿ” ಎಂದು ಸೇರಿಸಿದ.

ಸಂಜೆ ರಾವಸಾಹೇಬರ ಮನೆಗೆ ಜಗಳಕ್ಕೆಂದೇ ಹೋದೆ. ಜಗಳವಾಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, “ಅಲ್ರಿ, ನಾವೇನು ಬ್ಯಾಡ ಅಂದೇವೇನು? ಹೇಳಿ ಹೋಗು ಅಂದೆ, ಅಷ್ಟ” ಎಂದರು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. ಮಂಗಳವಾರದ ಅಜ್ಜಿಗೆ ಗೊತ್ತಾದರೆ ಮತ್ತೆ ಅಳುತ್ತಾಳೆ. ಯಾರನ್ನು ಬೈಯಲಿ? ಏಳು ಮನೆಯಲ್ಲಿ ಒಬ್ಬರಾದರೂ ಕೆಟ್ಟವರಿದ್ದರೆ ಎಷ್ಟು ಚೆನ್ನಾಗಿತ್ತು! ಹುಡುಗ ಅವರ ಮೇಲೆ ಸಿಟ್ಟು ಮಾಡಿಕೊಂಡಾದರೂ ಹೋಗಿಬಿಡುತ್ತಿದ್ದ. ನಾವು ಎಲ್ಲರೂ ಒಳ್ಳೆಯವರು. ಅದಕ್ಕೇ ಅವನ ಕೈಕಾಲು ಕಟ್ಟಿಹೋಯಿತು.

ಧಾರವಾಡ, ಬೆಳಗಾವಿ ಕಡೆಯ ಓದುಗರೇ, ನಿಮ್ಮ ಊರಿನಲ್ಲೂ ಇಂಥ ಹುಡುಗರಿದ್ದಾರೆ. ಬರುವ ಜೂನ್‌ನಲ್ಲಿ ಟ್ರಂಕು ಹೊತ್ತು ಎಲ್ಲಿಯೋ ಇಳಿಯುತ್ತಾರೆ. ಅವರಿಗೆ ಊಟ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಕಿ, ಅವಶ್ಯ ಹಾಕಿ. ಆದರೆ ನಮ್ಮ ಮನೆಗೆ ಹತ್ತಿರವಾದ ಕಾಲೇಜು ಅವರಿಗೂ ಸರಿಯಾದ ಕಾಲೇಜು ಎಂದು ತಿಳಿಯಬೇಡಿ. ಮಾರ್ಕ್ಸು ಕಡಿಮೆ ಬಂದವನಿಗೆ ಆಸೆಯೂ ಕಡಿಮೆ ಇರುತ್ತದೆ ಎಂದು ನಾವು ಅಂದುಕೊಂಡದ್ದೇ ದೊಡ್ಡ ತಪ್ಪು.

ನಿನ್ನೆ ಮತ್ತೆ ಗುರುವಾರ. ವಾಮನ ಬಂದ. ಹಿತ್ತಲಿಗೆ ಹೋಗಲಿಲ್ಲ, ನೇರ ಒಳಗೆ ಬಂದು ಮಣೆಯ ಮೇಲೆ ಕೂತ. ಹಾಕಿದ್ದನ್ನೆಲ್ಲ ಉಂಡ. ಎರಡನೇ ಸಲ ಅನ್ನವನ್ನೂ ಹಾಕಿಸಿಕೊಂಡ. ಎದ್ದು ನಮಸ್ಕಾರ ಮಾಡಿ, “ಭಾಳ ಛಲೋ ಆಗಿತ್ರಿ” ಎಂದು ಹೇಳಿ ಹೋದ.

ಹುಡುಗನಿಗೆ ಹೊಟ್ಟೆ ತುಂಬ ಹಾಕಿ, ಅವನು ಬಾಯಿ ಬಿಡದಂತೆ ಮಾಡುವುದಕ್ಕೆ ಅನ್ನದಾನ ಎಂದು ಹೆಸರಿಟ್ಟವರು ಯಾರು, ಸ್ವಾಮಿ?